ಗುಂಡು ಸಣ್ಣದು, ಸುಳ್ಳು ದೊಡ್ಡದು

ಕಳೆದ ಡಿಸೆಂಬರಿನಲ್ಲಿ ಒಂದು ಶಾಲೆಯವರು ತಮ್ಮ ವಿಜ್ಞಾನ ವಸ್ತುಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರರಲ್ಲೊಬ್ಬನನ್ನಾಗಿ ಕರೆದಿದ್ದರು. ನಿವೃತ್ತ ಮೇಷ್ಟರಿಗೆ ಇಂಥ ಕರೆ ಬಂದರೆ ಇಸ್ತ್ರಿ ಮಾಡಿಟ್ಟ ಜುಬ್ಬಾ ತಾನಾಗಿಯೇ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಹೋದೆ. ಅಡುಗೆ ಸೋಡಾದ ಜ್ವಾಲಾಮುಖಿಗಳನ್ನೂ ಮಳೆನೀರು ಕೊಯ್ಲಿನ ರಟ್ಟಿನ ಮನೆಗಳನ್ನೂ ದಾಟಿಕೊಂಡು ಬಂದವನು ಒಂದು ಮೇಜಿನ ಮುಂದೆ ನಿಂತುಬಿಟ್ಟೆ. ಅಲ್ಲಿ ಉಗಿಯಂತ್ರದ ಒಂದು ಮಾದರಿಯಿತ್ತು. ಗತಿಚಕ್ರ ತಿರುಗುತ್ತಿತ್ತು, ಪಿಸ್ಟನ್ ಹೋಗಿಬರುತ್ತಿತ್ತು, ನೆಟ್ಟನೆಯ ಒಂದು ಕಂಬದ ಇಕ್ಕೆಲಗಳಲ್ಲಿ ಬಂಗಾರದ ಬಣ್ಣದ ಎರಡು ಗುಂಡುಗಳು ಗಿರಗಿರನೆ ಸುತ್ತುತ್ತಿದ್ದವು. ಫಲಕದ ಮೇಲೆ ‘ವರ್ಕಿಂಗ್ ಮಾಡೆಲ್’ ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು.

ಮೇಜಿನ ಹಿಂದೆ ನಿಂತಿದ್ದ ಹುಡುಗಿಯನ್ನು ಕೇಳಿದೆ: “ಈ ಗುಂಡುಗಳು ಏನು ಮಾಡುತ್ತವೆ ಮಗೂ?”

“ತಿರುಗುತ್ತವೆ ಸಾರ್.”

ಉತ್ತರ ತಪ್ಪಲ್ಲ. ತಿರುಗುವುದನ್ನು ಬಿಟ್ಟು ಅವು ಬೇರೇನನ್ನೂ ಮಾಡುತ್ತಿರಲಿಲ್ಲ. ಯಂತ್ರ ನಿಂತ ಮೇಲೆ ಬೆರಳಿನಿಂದ ಮುಟ್ಟಿ ನೋಡಿದೆ. ಗುಂಡುಗಳು ಪ್ಲಾಸ್ಟಿಕ್ಕಿನವು. ತೋಳುಗಳನ್ನು ಅಂಟು ಹಾಕಿ ಕಂಬಕ್ಕೆ ಬಿಗಿದಿದ್ದರು. ಹಲಗೆಯ ಕೆಳಗೆ ಬ್ಯಾಟರಿಯ ಮೋಟಾರು ಕುಳಿತಿತ್ತು. ಪಿಸ್ಟನ್ ಚಕ್ರವನ್ನು ತಿರುಗಿಸುತ್ತಿರಲಿಲ್ಲ, ಚಕ್ರವೇ ಪಿಸ್ಟನ್ನನ್ನು ಎಳೆದಾಡುತ್ತಿತ್ತು. ಇಡೀ ಮಾದರಿಯನ್ನು ಪೇಟೆಯಿಂದ ಸಿದ್ಧವಾಗಿಯೇ ತಂದಿದ್ದರೆಂದು ಆಮೇಲೆ ತಿಳಿಯಿತು. ಪ್ರಥಮ ಬಹುಮಾನ ಅದಕ್ಕೇ ಬಂತು. ನಾನು ಆಕ್ಷೇಪಿಸಿದಾಗ ಜತೆಯ ತೀರ್ಪುಗಾರರೊಬ್ಬರು, “ಗುರುಗಳೇ, ಎರಡು ಗುಂಡಿನ ಮಾತಿಗೆ ಮಕ್ಕಳ ಮನಸ್ಸು ನೋಯಿಸೋದು ಬೇಡ” ಎಂದರು. ನಾನೂ ಸಹಿ ಹಾಕಿ, ಕಾಫಿ ಕುಡಿದು, ಮನೆಗೆ ಬಂದೆ. ಈ ಬರಹವನ್ನು ಆ ಸಹಿಯ ಪ್ರಾಯಶ್ಚಿತ್ತವೆಂದು ತಿಳಿಯಿರಿ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಉಗಿಯಂತ್ರದ ಮಾದರಿಯಲ್ಲಿ ಯಾವುದನ್ನು ಬೇಕಾದರೂ ಅಲಂಕಾರಕ್ಕೆ ಇಡಿ, ಚಿಮಣಿಯನ್ನು ರಟ್ಟಿನಲ್ಲಿ ಮಾಡಿ, ಇಟ್ಟಿಗೆಯ ಗೋಡೆಯನ್ನು ಬಣ್ಣದಲ್ಲಿ ಬರೆಯಿರಿ. ಆದರೆ ಗವರ್ನರಿನ ಗುಂಡುಗಳು ಸುಳ್ಳಾಗಕೂಡದು. ಅವು ಸುಳ್ಳಾದರೆ ಆ ಯಂತ್ರ ಮಗುವಿಗೆ ಕಲಿಸಬಹುದಾಗಿದ್ದ ಅತಿ ದೊಡ್ಡ ಪಾಠವೇ ಸುಳ್ಳಾಗುತ್ತದೆ.

ಪಾಠ ಇಷ್ಟು. ಉಗಿಯಂತ್ರಕ್ಕೆ ವಿವೇಕವಿಲ್ಲ. ಹೊರೆ ಇಳಿದರೆ ಹುಚ್ಚುಕುದುರೆಯಂತೆ ಓಡುತ್ತದೆ, ಹೊರೆ ಏರಿದರೆ ಮುಗ್ಗರಿಸುತ್ತದೆ. ಅದರ ಅಚ್ಚಿನಿಂದಲೇ ತಿರುಗುವ ಒಂದು ಕಂಬಕ್ಕೆ ಎರಡು ತೋಳುಗಳಲ್ಲಿ ಎರಡು ಭಾರವಾದ ಗುಂಡುಗಳನ್ನು ತೂಗುಹಾಕಿದರೆ, ವೇಗ ಹೆಚ್ಚಿದಾಗ ಅವು ಹೊರಕ್ಕೆ ಸರಿದು ಮೇಲೇರುತ್ತವೆ. ಏರುವಾಗ ಕಂಬದ ಮೇಲೆ ಜಾರುವ ಬಳೆಯನ್ನು ಮೇಲಕ್ಕೆಳೆಯುತ್ತವೆ, ಬಳೆಗೆ ಸೇರಿದ ಸನ್ನೆ ಉಗಿಯ ಕವಾಟವನ್ನು ಕಿರಿದುಗೊಳಿಸುತ್ತದೆ. ವೇಗ ತಗ್ಗಿದರೆ ಗುಂಡುಗಳು ಇಳಿದು ಕವಾಟ ತೆರೆಯುತ್ತದೆ. ನಡುವೆ ಮನುಷ್ಯನ ಕೈ ಇಲ್ಲ. ಯಂತ್ರವು ತನ್ನ ಕಿವಿಯನ್ನು ತಾನೇ ಹಿಂಡಿಕೊಳ್ಳುವ ಏರ್ಪಾಡು ಇದು.

ಆ ಫಲಕದಲ್ಲಿ ‘ಜೇಮ್ಸ್ ವ್ಯಾಟ್ ಕಂಡುಹಿಡಿದ ಗವರ್ನರ್’ ಎಂದೂ ಬರೆದಿತ್ತು. ಅದೂ ಪೂರ್ತಿ ನಿಜವಲ್ಲ. ಗಾಳಿಗಿರಣಿಗಳಲ್ಲಿ ಬೀಸುವ ಕಲ್ಲುಗಳ ನಡುವಣ ಅಂತರವನ್ನು ಹದದಲ್ಲಿಡಲು ಇಂಥ ತಿರುಗುವ ಗುಂಡುಗಳು ಮೊದಲೇ ಬಳಕೆಯಲ್ಲಿದ್ದವು. 1787ರಲ್ಲಿ ಥಾಮಸ್ ಮೀಡ್ ಎಂಬಾತ ಇಂಗ್ಲೆಂಡಿನಲ್ಲಿ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದ. ಮರುವರ್ಷ, 1788ರಲ್ಲಿ, ವ್ಯಾಟನ ಪಾಲುದಾರ ಮ್ಯಾಥ್ಯೂ ಬೌಲ್ಟನ್ ಲಂಡನ್ನಿನ ಆಲ್ಬಿಯನ್ ಹಿಟ್ಟಿನ ಗಿರಣಿಯಲ್ಲಿ ಆ ಏರ್ಪಾಡನ್ನು ಕಂಡು ವ್ಯಾಟನಿಗೆ ಬರೆದ. ವ್ಯಾಟ್ ಅದನ್ನು ಉಗಿಯಂತ್ರಕ್ಕೆ ಅಳವಡಿಸಿದ, ಆದರೆ ತನ್ನದೆಂದು ಪೇಟೆಂಟ್ ಕೇಳಲಿಲ್ಲ. ಅದೇ 1788ರ ಒಂದು ಯಂತ್ರ ಇಂದಿಗೂ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಬರ್ಮಿಂಗ್‌ಹ್ಯಾಮಿನ ಸೋಹೋ ಕಾರ್ಖಾನೆಯಲ್ಲಿ ಗುಂಡಿ, ಬಕಲುಗಳಿಗೆ ಹೊಳಪು ಕೊಡುವ 43 ಯಂತ್ರಗಳನ್ನು ಅದು ನಡೆಸುತ್ತಿತ್ತು. ಕಂಡದ್ದನ್ನು ಕಂಡಿದ್ದೇನೆ ಎಂದಷ್ಟೇ ಹೇಳಿದವನ ಹೆಸರಿನಲ್ಲಿ ನಾವು ಅಂಟು ಹಾಕಿದ ಗುಂಡನ್ನು ಪ್ರದರ್ಶಿಸುತ್ತಿದ್ದೇವೆ!

ಇನ್ನೊಬ್ಬರನ್ನು ಬಯ್ಯುವ ಮುನ್ನ ನನ್ನ ತಪ್ಪನ್ನು ಹೇಳಿಕೊಳ್ಳಬೇಕು. 1984ರ ಸುಮಾರಿಗೆ, ನಾನಿನ್ನೂ ತರುಣ ಮೇಷ್ಟರಾಗಿದ್ದಾಗ, ಹತ್ತನೆಯ ತರಗತಿಯ ಹುಡುಗನೊಬ್ಬ ಇಂಥದೇ ಯಂತ್ರವನ್ನು ಸ್ವತಃ ಮಾಡಿದ. ಅವನ ಸೋದರಮಾವ ಪಂಪ್‌ಸೆಟ್ ರಿಪೇರಿಯ ಲೇತ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಉಗಿಯ ಬದಲು ಸೈಕಲ್ ಪಂಪಿನ ಗಾಳಿಯಿಂದ ನಡೆಯುವ ಪುಟ್ಟ ಯಂತ್ರ. ಅದಕ್ಕೆ ಹಿತ್ತಾಳೆಯ ಎರಡು ಗುಂಡುಗಳ ಗವರ್ನರು. ನಾನು ಕಪ್ಪುಹಲಗೆಯ ಮೇಲೆ ಅದರ ಲೆಕ್ಕವನ್ನು ಬಿಡಿಸಿ ತೋರಿಸಿದೆ. ಗುಂಡನ್ನು ಹೊರಕ್ಕೆಳೆಯುವ ಬಲದಲ್ಲೂ ದ್ರವ್ಯರಾಶಿಯಿದೆ, ಕೆಳಕ್ಕೆಳೆಯುವ ಭಾರದಲ್ಲೂ ದ್ರವ್ಯರಾಶಿಯಿದೆ, ಎರಡೂ ಕಡೆಯಿಂದ ಹೊಡೆದುಹಾಕಿದರೆ ಉಳಿಯುವುದು ವೇಗ ಮತ್ತು ಎತ್ತರ ಮಾತ್ರ. ನಿಮಿಷಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆಯ ವರ್ಗದಿಂದ 895ನ್ನು ಭಾಗಿಸಿದರೆ, ತೋಳುಗಳು ಕಂಬವನ್ನು ಸೇರುವ ಬಿಂದುವಿನಿಂದ ಗುಂಡುಗಳ ಮಟ್ಟ ಎಷ್ಟು ಕೆಳಗಿದೆಯೆಂಬುದು ಮೀಟರುಗಳಲ್ಲಿ ಸಿಗುತ್ತದೆ. 60 ಸುತ್ತಿಗೆ ಸುಮಾರು 25 ಸೆಂಟಿಮೀಟರ್, 120ಕ್ಕೆ 6 ಸೆಂಟಿಮೀಟರಿಗಿಂತ ತುಸು ಹೆಚ್ಚು, 300ಕ್ಕೆ ಕೇವಲ 1 ಸೆಂಟಿಮೀಟರ್.

ಹುಡುಗ ಎದ್ದು ನಿಂತ. “ಸಾರ್, ಗುಂಡಿನ ತೂಕ ಲೆಕ್ಕದಲ್ಲಿ ಹೊಡೆದುಹೋಯ್ತಲ್ಲ, ಹಾಗಾದ್ರೆ ಅದು ಹಿತ್ತಾಳೆದೇ ಯಾಕಾಗ್ಬೇಕು? ಬೆಂಡಿನ ಉಂಡೆ ಕಟ್ಟಿದ್ರೂ ಆಗ್ಬೇಕಲ್ಲ?”

ಮೂವತ್ತು ವರ್ಷಗಳ ನನ್ನ ಮೇಷ್ಟರಿಕೆಯಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆಗಳಲ್ಲಿ ಅದೊಂದು. ನನಗೆ ಉತ್ತರ ತಿಳಿಯಲಿಲ್ಲ. “ಪರೀಕ್ಷೆಗೆ ಅದು ಬರೋದಿಲ್ಲ, ಕೂತ್ಕೋ” ಎಂದೆ. ಅಷ್ಟೇ ಆಗಿದ್ದರೆ ದೇವರು ಕ್ಷಮಿಸುತ್ತಿದ್ದನೇನೋ. ಆ ವಾರವೇ ಶಾಲೆಗೆ ತಪಾಸಣೆ ಬರುವುದಿತ್ತು. ಹುಡುಗನ ಯಂತ್ರ ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ, ಗುಂಡುಗಳು ಏರುತ್ತ ಇಳಿಯುತ್ತ ತುಯ್ದಾಡುತ್ತಿತ್ತು. ಸಾಹೇಬರ ಮುಂದೆ ಅದು ಚೆನ್ನಾಗಿ ಕಾಣುವುದಿಲ್ಲವೆಂದು ನಾನೇ ಆ ಗುಂಡುಗಳನ್ನು ತೆಗೆಸಿದೆ, ಹಗುರವಾದ ಜೇಡಿಮಣ್ಣಿನ ಉಂಡೆಗಳಿಗೆ ಬಣ್ಣ ಬಳಿಸಿದೆ, ತೋಳುಗಳಿಗೆ ಅಂಟು ಹಾಕಿಸಿದೆ. ಹೌದು, ಅಂಟು ಹಾಕಿಸಿದವನು ನಾನೇ. ಡಿಸೆಂಬರಿನಲ್ಲಿ ಆ ಮೇಜಿನ ಮುಂದೆ ಕಾಲು ಕದಲದಂತಾದದ್ದು ಇದಕ್ಕಾಗಿ.

ಅವನ ಪ್ರಶ್ನೆಗೆ ಉತ್ತರ ನನಗೆ ಎಷ್ಟೋ ವರ್ಷಗಳ ಬಳಿಕ ಹೊಳೆಯಿತು. ಕಪ್ಪುಹಲಗೆಯ ಗವರ್ನರಿನಲ್ಲಿ ಘರ್ಷಣೆ ಇಲ್ಲ, ಮೇಜಿನ ಮೇಲಿನದರಲ್ಲಿ ಇದೆ. ಬಳೆ ಕಂಬಕ್ಕೆ ಉಜ್ಜುತ್ತದೆ, ಕೀಲುಗಳು ಬಿಗಿಯಾಗಿರುತ್ತವೆ, ಕವಾಟ ಹಟ ಮಾಡುತ್ತದೆ. ಈ ಹಟವನ್ನು ಗೆಲ್ಲಲು ಗುಂಡಿಗೆ ತೂಕ ಬೇಕು. ತೋಳುಗಳೂ ಕೊಂಡಿಗಳೂ ಸಮನಾಗಿರುವ ಸಾದಾ ಗವರ್ನರಿನಲ್ಲಿ ಬಳೆಯ ಮೇಲಿನ ಘರ್ಷಣೆ ಒಂದು ಗುಂಡಿನ ತೂಕದ ಹತ್ತನೆಯ ಒಂದರಷ್ಟಿದ್ದರೆ, ವೇಗದಲ್ಲಿ ಸುಮಾರು ನೂರಕ್ಕೆ 5ರಷ್ಟು ಹೆಚ್ಚುಕಡಿಮೆಯಾದಾಗ ಅದು ಎಚ್ಚೆತ್ತುಕೊಳ್ಳುತ್ತದೆ. ಘರ್ಷಣೆ ಗುಂಡಿನ ತೂಕಕ್ಕೆ ಸಮನಾದರೆ? ವೇಗ ನೂರಕ್ಕೆ 41ರಷ್ಟು ಮೀರುವವರೆಗೂ ಬಳೆ ಅಲುಗದು, ಮತ್ತೆ ಯಂತ್ರ ನಿಂತೇ ಹೋದರೂ ಗುಂಡುಗಳು ಕೆಳಗಿಳಿಯವು. ಬೆಂಡಿನ ಉಂಡೆಗೆ ಆಗುವುದು ಇದೇ. ಸಮೀಕರಣದಲ್ಲಿ ಹೊಡೆದುಹೋದ ತೂಕ ವಾಸ್ತವದ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಪಾಠ ಯಾವುದಿದೆ?

ಮಾದರಿಗಳಲ್ಲಿ ತೊಡಕು ಇನ್ನೂ ಹೆಚ್ಚು. ದೊಡ್ಡ ಯಂತ್ರದಲ್ಲಿ 20 ಸೆಂಟಿಮೀಟರ್ ವ್ಯಾಸದ ಬೀಡುಕಬ್ಬಿಣದ ಗುಂಡು ಸುಮಾರು 30 ಕಿಲೋ ತೂಗುತ್ತದೆ. ಅದನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ 2 ಸೆಂಟಿಮೀಟರಿನ ಗುಂಡು. ಅದರ ತೂಕ 3 ಕಿಲೋ ಅಲ್ಲ, 30 ಗ್ರಾಂ. ಉದ್ದ ಹತ್ತರಲ್ಲೊಂದಾದರೆ ತೂಕ ಸಾವಿರದಲ್ಲೊಂದು. ಕೀಲಿನ ಘರ್ಷಣೆಯೇನೂ ಸಾವಿರದಲ್ಲೊಂದು ಪಾಲಿಗೆ ಇಳಿದಿರುವುದಿಲ್ಲ. ಅಲ್ಲದೆ ಗುರುತ್ವಾಕರ್ಷಣೆಯನ್ನು ಯಾರೂ ಕಿರಿದು ಮಾಡಲಾರರು, ಆದುದರಿಂದ ಗುಂಡುಗಳು ಅದೇ ಕೋನದಲ್ಲಿ ನಿಲ್ಲಬೇಕಾದರೆ ಮಾದರಿಯ ಕಂಬ ಮೂರು ಪಟ್ಟಿಗಿಂತ ಹೆಚ್ಚು ವೇಗವಾಗಿ ತಿರುಗಬೇಕು, 60 ಸುತ್ತಿನ ಜಾಗದಲ್ಲಿ 190 ಸುತ್ತು. ಪೇಟೆಯ ಬೊಂಬೆಗಳಲ್ಲಿ ಗವರ್ನರು ಬರಿಯ ಆಭರಣವಾಗುವುದು ಇದಕ್ಕೇ. ನಿಜವಾಗಿ ಕೆಲಸ ಮಾಡಿಸಬೇಕಾದರೆ ಗುಂಡಿನ ಬಗ್ಗೆ ಯೋಚಿಸಲೇಬೇಕು.

ಹಾಗಾದರೆ ಗುಂಡನ್ನು ಎಲ್ಲಿಂದ ತರುವುದು? ಈ ಹುಡುಕಾಟದಲ್ಲೇ ಅರ್ಧ ವಿಜ್ಞಾನವಿದೆ.

ಹುಡುಗರ ಜೇಬಿನ ಗಾಜಿನ ಗೋಲಿ ಹಗುರ. ಹಿತ್ತಾಳೆಯ ತೂಕದ ಮೂರನೆಯ ಒಂದು ಪಾಲೂ ಇಲ್ಲ, ತೂತು ಕೊರೆಯಹೋದರೆ ಸಿಡಿಯುತ್ತದೆ. ಸೈಕಲ್ಲಿನ ಹಿಂಚಕ್ರದ ಗುಂಡು ಕಾಲಂಗುಲದ್ದು, ತೂಕ 1 ಗ್ರಾಮಿನಷ್ಟು, ಇಲಿಯ ಯಂತ್ರಕ್ಕೆ ಸಾಕು. ಗುಜರಿ ಅಂಗಡಿಯಲ್ಲಿ ದೊಡ್ಡ ಬೇರಿಂಗು ಸಿಕ್ಕಿ, ಅದರಲ್ಲಿ ಮುಕ್ಕಾಲಂಗುಲದ ಗುಂಡುಗಳಿದ್ದರೆ ಒಂದೊಂದೂ ಸುಮಾರು 28 ಗ್ರಾಂ. ಆದರೆ ಅದು ನೂರಕ್ಕೆ 1ರಷ್ಟು ಇಂಗಾಲ, ಒಂದೂವರೆಯಷ್ಟು ಕ್ರೋಮಿಯಂ ಇರುವ, ಹದ ಹಿಡಿಸಿದ ಉಕ್ಕು. ಸಾಮಾನ್ಯ ಡ್ರಿಲ್ಲು ಅದರ ಮೇಲೆ ಜಾರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಿಸಿ ಬೂದಿಯಲ್ಲಿ ಹೂತು, ರಾತ್ರಿಯಿಡೀ ನಿಧಾನವಾಗಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಹೊಳಪು ಹೋಗಿ ಕರಿ ಹಿಡಿದಿರುತ್ತದೆ, ಹೋಗಲಿ. ಹದ ಇಳಿಸದ ಗುಂಡನ್ನು ಸುತ್ತಿಗೆಯಿಂದ ಮಾತ್ರ ಹೊಡೆಯಬೇಡಿ, ಸಿಡಿದರೆ ಕಣ್ಣಿಗೆ ಅಪಾಯ.

ಸೀಸ ತೂಕದಲ್ಲಿ ಎಲ್ಲವನ್ನೂ ಮೀರಿಸುತ್ತದೆ, 327 ಡಿಗ್ರಿಗೇ ಕರಗುವುದರಿಂದ ಎರಕವೂ ಸುಲಭ. ಆದರೆ ಅದು ವಿಷ, ಮಕ್ಕಳ ಕೈಗೆ ಬೇಡವೇ ಬೇಡ. ಕಾಲ್ಗೆಜ್ಜೆ ಒಳಗೆ ಟೊಳ್ಳು. ಬೀರುವಿನ ಹಿಡಿಯ ಹಿತ್ತಾಳೆ ಗುಂಡು ಚೆನ್ನಾಗಿ ಕಾಣುತ್ತದೆ. ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಹಿತ್ತಾಳೆಯ ಹೊಳಪಿನೊಳಗೆ ಕಬ್ಬಿಣವಿದೆ. ಅಂಟದಿದ್ದರೆ ನೀರಿನಲ್ಲಿ ಮುಳುಗಿಸಿ ಗಾತ್ರ ಅಳೆದು, ತಕ್ಕಡಿಯಲ್ಲಿ ತೂಗಿ. ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ ಬಂದರೆ ಒಳಗೂ ಹಿತ್ತಾಳೆಯೇ, ತೀರ ಕಡಿಮೆ ಬಂದರೆ ಟೊಳ್ಳು. ಆರ್ಕಿಮಿಡೀಸನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ?

ಇನ್ನು ಸ್ವತಃ ಮಾಡುವ ದಾರಿ. 20 ಮಿಲಿಮೀಟರಿನ ಹಿತ್ತಾಳೆ ಸರಳನ್ನು ಲೇತಿಗೆ ಕಚ್ಚಿಸಿ ಮೊದಲು ನಡುವೆ ತೂತು ಕೊರೆಯಬೇಕು. ಗುಂಡಾದ ಮೇಲೆ ಕೊರೆಯಹೊರಟರೆ ಹಿಡಿತ ಜಾರಿ ತೂತು ವಾರೆಯಾಗುತ್ತದೆ. ಆಮೇಲೆ ಮೂಲೆಗಳಿಂದ 5.9 ಮಿಲಿಮೀಟರ್ ಓರೆಯಾಗಿ ಕತ್ತರಿಸಿದರೆ, ಬದಿಯಿಂದ ನೋಡುವಾಗ ಎಂಟು ಮುಖದ ಆಕೃತಿ ಬರುತ್ತದೆ, ಒಂದೊಂದು ಮುಖ 8.3 ಮಿಲಿಮೀಟರ್. ಉಳಿದ ಅಂಚುಗಳನ್ನು ಅರದಿಂದ ತಗ್ಗಿಸಿ, ಕೊನೆಗೆ ಗುಂಡಿಗಿಂತ ಕಿರಿದಾದ ಒಂದು ಉಕ್ಕಿನ ಕೊಳವೆಯ ಚೂಪಾದ ಬಾಯನ್ನು ತಿರುಗುವ ಗುಂಡಿಗೆ ಒತ್ತಿ ಅತ್ತಿತ್ತ ಓಲಾಡಿಸಬೇಕು. ಗೋಳವನ್ನು ಯಾವ ದಿಕ್ಕಿನಿಂದ ಕತ್ತರಿಸಿದರೂ ಸಿಗುವುದು ವೃತ್ತವೇ. ಆದ್ದರಿಂದ ಕೊಳವೆಯ ಬಾಯಿ ಸುತ್ತಲೂ ಸಮನಾಗಿ ತಾಗಿದರೆ ಅದು ಗೋಳ, ಎಲ್ಲಿಯಾದರೂ ಉಬ್ಬಿದ್ದರೆ ಆ ಉಬ್ಬನ್ನು ಮಾತ್ರ ಅದು ಹೆರೆಯುತ್ತದೆ. ನಾನು ಮೂವತ್ತು ವರ್ಷ ಸುಣ್ಣದ ಕಡ್ಡಿಯಲ್ಲಿ ಸಾಧಿಸಿದ ಪ್ರಮೇಯವನ್ನು ಲೇತ್ ಅಂಗಡಿಯ ಕೆಲಸಗಾರ ಕೊಳವೆಯ ತುಂಡಿನಲ್ಲಿ ಸಾಧಿಸುತ್ತಾನೆ.

ಇಲ್ಲಿ ಒಂದು ಮಾತು. ಗುಂಡು ಕನ್ನಡಿಯಂತೆ ಹೊಳೆಯಬೇಕೆಂದೂ ಕೂದಲೆಳೆಯಷ್ಟೂ ಸೊಟ್ಟವಿರಬಾರದೆಂದೂ ನಾನು ಹೇಳುತ್ತಿಲ್ಲ. ಎರಡರ ತೂಕ ಸಮನಾಗಿರಬೇಕು, ತೋಳುಗಳ ಉದ್ದ ಸಮನಾಗಿರಬೇಕು, ತೂತು ನಟ್ಟನಡುವೆ ಇರಬೇಕು. ಇಲ್ಲದಿದ್ದರೆ ಕಂಬ ನಡುಗುತ್ತದೆ, ವೇಗ ಎರಡು ಪಟ್ಟಾದರೆ ಆ ನಡುಕದ ಬಲ ನಾಲ್ಕು ಪಟ್ಟು. ಹೊಳಪು ಕೊನೆಯ ಮಾತು. ನಮ್ಮ ಪ್ರದರ್ಶನಗಳಲ್ಲಿ ಹೊಳಪೇ ಮೊದಲ ಮಾತಾಗಿದೆ, ತೂಕ ಯಾರಿಗೂ ಬೇಡ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ, ಎಂಜಿನಿಯರಾಗಿರುವ ನನ್ನ ತಂಗಿಯ ಮಗ ನಕ್ಕುಬಿಟ್ಟ. “ಮಾವ, ತೂತು ಹಾಕಿರೋ ಹಿತ್ತಾಳೆ ಗುಂಡು ಆರ್ಡರ್ ಮಾಡಿದರೆ ಮನೆಗೇ ಬರುತ್ತೆ. ಲೇತ್ ಮುಂದೆ ದಿನಗಟ್ಟಲೆ ಕೂರೋದು ಯಾಕೆ?” ನನ್ನ ಹಳೆಯ ವಿದ್ಯಾರ್ಥಿಗಳಲ್ಲೂ ಹಲವರು ಹೀಗೆಯೇ ಕೇಳುವಿರೆಂದು ಬಲ್ಲೆ. ಉತ್ತರ ಹೇಳುತ್ತೇನೆ. ಧಾರಾಳವಾಗಿ ಕೊಳ್ಳಿ! ಮಾದರಿ ಯಂತ್ರಗಳ ಹವ್ಯಾಸ ಬೇರೂರಿರುವ ಇಂಗ್ಲೆಂಡಿನಲ್ಲಿ ಅದಕ್ಕೆಂದೇ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆ 1898ರಲ್ಲಿಯೇ ಆರಂಭವಾಯಿತು. ಅಲ್ಲಿಯ ಹವ್ಯಾಸಿಗಳೂ ಎರಕದ ಭಾಗಗಳನ್ನು ಕೊಂಡು ತಂದು ಕಟ್ಟುತ್ತಾರೆ. ಅದರಲ್ಲಿ ಅವಮಾನವೇನಿಲ್ಲ. ಗುಂಡನ್ನು ಕೊಳ್ಳುವುದು ತಪ್ಪಲ್ಲ, ಉತ್ತರವನ್ನು ಕೊಳ್ಳುವುದು ತಪ್ಪು. ಎಷ್ಟು ತೂಕದ್ದು ಬೇಕು, ಯಾಕೆ ಬೇಕು ಎಂದು ಲೆಕ್ಕ ಹಾಕಿ ಕೊಂಡ ಮಗು, ಕೊಳ್ಳುವ ಮೊದಲೇ ಕಲಿತಿರುತ್ತದೆ. ಇಡೀ ಯಂತ್ರವನ್ನೇ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ ಮಗುವಿಗೆ ‘ತಿರುಗುತ್ತವೆ ಸಾರ್’ ಎನ್ನುವುದಕ್ಕಿಂತ ಹೆಚ್ಚು ಹೇಳಲು ನಾವು ಏನು ಕೊಟ್ಟಿದ್ದೇವೆ?

ಉಗಿ ಅಪಾಯಕರ, ಮಕ್ಕಳ ಕೈಗೆ ಕೊಡಬಹುದೇ ಎಂಬುದು ಎರಡನೆಯ ಆಕ್ಷೇಪ. ಅದನ್ನು ಒಪ್ಪುತ್ತೇನೆ. ಶಾಲೆಯಲ್ಲಿ ಒತ್ತಡದ ಬಾಯ್ಲರು ಕಟ್ಟಬೇಡಿ. ನನ್ನ ಹುಡುಗ ಪಂಪಿನ ಗಾಳಿಯಿಂದ ನಡೆಸಿದಂತೆ ನಡೆಸಿ. ಅದೂ ಬೇಡವೆಂದರೆ ಗವರ್ನರನ್ನಷ್ಟೇ ಮಾಡಿ ಕೈಯಿಂದ ತಿರುಗಿಸಿ, ಎಷ್ಟು ಸುತ್ತಿಗೆ ಬಳೆ ಎಷ್ಟು ಏರಿತೆಂದು ಬರೆದಿಡಿ. ‘ಇದು ಕೈಯಿಂದ ತಿರುಗಿಸುವ ಗವರ್ನರು’ ಎಂದು ಫಲಕದಲ್ಲಿ ಬರೆಯಿರಿ. ಅಡಗಿಸಿಟ್ಟ ಮೋಟಾರಿಗಿಂತ ಅದು ಸಾವಿರ ಪಾಲು ಮೇಲು.

ಮೂರನೆಯದು, ನಿಜವಾದ ಗವರ್ನರು ತುಯ್ದಾಡುತ್ತದೆ, ನೋಡಲು ಅಂದವಲ್ಲ ಎಂಬುದು. ಇದು ನನ್ನದೇ ಹಳೆಯ ಮಾತು, ಆದ್ದರಿಂದ ಅದಕ್ಕೆ ಇಮ್ಮಡಿ ಕೋಪದಿಂದ ಉತ್ತರಿಸುತ್ತೇನೆ. ಗವರ್ನರು ಹಾಗೇಕೆ ಏರಿಳಿಯುತ್ತದೆ, ಯಾವಾಗ ಆ ಏರಿಳಿತ ಅಡಗುತ್ತದೆ, ಯಾವಾಗ ಬೆಳೆಯುತ್ತ ಹೋಗುತ್ತದೆ ಎಂಬುದರ ಮೇಲೆ 1868ರಲ್ಲಿ ಒಂದು ಪ್ರಬಂಧವನ್ನು ಬರೆದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಬೆಳಕು ವಿದ್ಯುತ್ಕಾಂತೀಯ ಅಲೆಯೆಂದು ತೋರಿಸಿದ ಅದೇ ಮ್ಯಾಕ್ಸ್‌ವೆಲ್. ನಿಯಂತ್ರಣ ಶಾಸ್ತ್ರದ ಮೊದಲ ಪ್ರಬಂಧಗಳಲ್ಲಿ ಅದನ್ನು ಎಣಿಸುತ್ತಾರೆ. ಮ್ಯಾಕ್ಸ್‌ವೆಲ್ಲನಂಥವನು ಕುಳಿತು ಯೋಚಿಸಿದ ಸಂಗತಿ ನಮ್ಮ ತಾಲ್ಲೂಕಿನ ಶಾಲೆಯ ಮೇಜಿನ ಮೇಲೆ, ಹದಿನೈದು ವರ್ಷದ ಹುಡುಗನ ಕೈಯಲ್ಲಿ, ಕಣ್ಣೆದುರಿಗೇ ನಡೆಯುತ್ತಿತ್ತು. ನಾನು ಅದಕ್ಕೆ ಅಂಟು ಹಾಕಿಸಿದೆ.

ಆದುದರಿಂದ ವಸ್ತುಪ್ರದರ್ಶನ ನಡೆಸುವವರಲ್ಲಿಯೂ ತೀರ್ಪುಗಾರರಾಗಿ ಹೋಗುವ ನನ್ನಂಥವರಲ್ಲಿಯೂ ನನ್ನ ಬೇಡಿಕೆ ಇದು. ‘ವರ್ಕಿಂಗ್ ಮಾಡೆಲ್’ ಎಂದು ಬರೆದ ಕಡೆಯಲ್ಲೆಲ್ಲ ಮುಟ್ಟಿ ನೋಡಿ. ಗುಂಡನ್ನು ಬೆರಳಿನಿಂದ ಎತ್ತಿ, ಬಳೆ ಏರುತ್ತದೆಯೇ ನೋಡಿ. ಚಕ್ರವನ್ನು ತುಸು ತಡೆದು, ಗುಂಡುಗಳು ಇಳಿಯುತ್ತವೆಯೇ ನೋಡಿ. “ಇದು ಎಷ್ಟು ತೂಗುತ್ತದೆ, ಯಾಕೆ ಅಷ್ಟೇ ತೂಗಬೇಕು?” ಎಂದು ಕೇಳಿ. ನೆಟ್ಟಗೆ ನಡೆಯದಿದ್ದರೂ ಪ್ರಾಮಾಣಿಕವಾದ ಯಂತ್ರಕ್ಕೆ ಬಹುಮಾನ ಕೊಡಿ. ಅಂಟು ಹಾಕಿದ್ದಕ್ಕೆ ಕೊಡಬೇಡಿ. ಮಕ್ಕಳ ಮನಸ್ಸು ನೋಯುತ್ತದೆ ಎನ್ನುತ್ತೀರಾ? ತಾನು ಮಾಡಿದ ನಿಜವಾದ ಗುಂಡನ್ನು ಮೇಷ್ಟರೇ ತೆಗೆಸಿ ಮಣ್ಣಿನ ಉಂಡೆ ಇಡಿಸಿದಾಗ ಒಬ್ಬ ಹುಡುಗನ ಮುಖ ಹೇಗಾಯಿತೆಂಬುದನ್ನು ನಾನು ನೋಡಿದ್ದೇನೆ.

ಸಾಹೇಬರು ಆ ಮಾದರಿಯನ್ನು ಬಹಳ ಮೆಚ್ಚಿಕೊಂಡರು. ಅವರು ಹೋದ ಮೇಲೆ ಹುಡುಗ ತನ್ನ ಹಿತ್ತಾಳೆಯ ಗುಂಡುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಇನ್ನು ಬೇಡ ಸಾರ್” ಎಂದು ಹೊರಟುಹೋದ. ಅವು ಈಗಲೂ ನನ್ನಲ್ಲಿವೆ. ಈ ಬರಹಕ್ಕೆ ಕೂರುವ ಮುನ್ನ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. ಒಂದೊಂದೂ 34 ಗ್ರಾಮಿನ ಆಸುಪಾಸು, ಎರಡರ ನಡುವಣ ವ್ಯತ್ಯಾಸ ಅರ್ಧ ಗ್ರಾಮೂ ಇಲ್ಲ. ಹದಿನೈದರ ಹುಡುಗನ ಕೈಗೆಲಸ ಅದು.

ಅವನು ಆ ವರ್ಷ ಪರೀಕ್ಷೆ ಮುಗಿಸಿ ಊರು ಬಿಟ್ಟವನು ಮತ್ತೆ ನನಗೆ ಸಿಗಲಿಲ್ಲ. ನಿಮ್ಮಲ್ಲಿ ಆ ತಂಡದವರು ಯಾರಾದರೂ ಇದನ್ನು ಓದಿದರೆ, ಅವನಿಗೆ ತಲುಪಿಸಿ: ಬೆಂಡಿನ ಉಂಡೆ ಆಗುವುದಿಲ್ಲ ಮಗೂ, ಘರ್ಷಣೆ ಇದೆ. ನಿನ್ನ ಪ್ರಶ್ನೆ ಸರಿಯಾಗಿತ್ತು, ನಿನ್ನ ಗುಂಡುಗಳೂ ಸರಿಯಾಗಿದ್ದವು. ಉತ್ತರ ಹೇಳಲು ಮೇಷ್ಟರಿಗೆ ನಲವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು. ಗುಂಡುಗಳು ನಿನ್ನವು, ಬಂದು ತೆಗೆದುಕೊಂಡು ಹೋಗು. ನೀನು ಬರುವವರೆಗೆ, ಉಳಿದ ಭಾಗಗಳನ್ನು ತಾವೇ ಮಾಡುತ್ತೇವೆಂದು ಮುಂದೆ ಬರುವ ಯಾವ ಶಾಲೆಯ ಮಕ್ಕಳಿಗಾದರೂ ಅವನ್ನು ಎರವಲು ಕೊಡುತ್ತೇನೆ. ಕರಾರು ಒಂದೇ, ಅಂಟು ಹಾಕಕೂಡದು.